ಮಸಾರಿ ಹೊಲ, ಎರೆ ಹೊಲ ಮತ್ತು 24–16ರ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರುವ ಚಹಾದಂಗಡಿಯೊಂದಿದೆ. ಅಲ್ಲಿ ಟೆನಿಸ್ ಮಾತು ಬಂದರೆ ಜಗಳ ಶುರುವಾಗುವುದು ಯಾವಾಗಲೂ ಒಂದೇ ಸಂಖ್ಯೆಯಿಂದ: 24–16. ರೋಜರ್ ಫೆಡರರ್ ಮತ್ತು ರಫೆಲ್ ನಡಾಲ್ ಎದುರುಬದುರಾಗಿ ಆಡಿದ್ದು ನಲವತ್ತು ಸಲ. ನಡಾಲ್ ಗೆದ್ದದ್ದು 24, ಫೆಡರರ್ ಗೆದ್ದದ್ದು 16. ಹುಬ್ಬಳ್ಳಿಯಿಂದ ಬರುವ ಎಂಜಿನಿಯರ್ ಹುಡುಗಿಯೊಬ್ಬಳು ನಡಾಲ್ ಪಕ್ಷದವಳು. ಅವಳಿಗೆ ಈ ಸಂಖ್ಯೆಯೇ ತೀರ್ಪು. ನಿವೃತ್ತ ಗಣಿತ ಶಿಕ್ಷಕರೊಬ್ಬರು, ನಾವೆಲ್ಲ ಸರ್ ಎಂದೇ ಕರೆಯುವವರು, ಫೆಡರರ್ ಪಕ್ಷದವರು. ಅವರು ಸಂಖ್ಯೆಯನ್ನು ಒಪ್ಪುತ್ತಾರೆ, ತೀರ್ಪನ್ನು ಒಪ್ಪುವುದಿಲ್ಲ. ಫೆಡರರ್ 2022ರಲ್ಲಿ ನಿವೃತ್ತರಾದರು, ನಡಾಲ್ 2024ರಲ್ಲಿ. ಜಗಳಕ್ಕೆ ಮಾತ್ರ ಇನ್ನೂ ನಿವೃತ್ತಿಯ ವಯಸ್ಸಾಗಿಲ್ಲ.

ನಾನು ಇವರಿಬ್ಬರ ನಡುವೆ ಕುಳಿತು ಚಹಾ ಕುಡಿಯುವವನು. ನನ್ನ ಒಲವು ಫೆಡರರ್ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಲೆಕ್ಕವನ್ನು ಬಿಡಿಸುತ್ತ ಹೋದಾಗ ನನ್ನ ಪಕ್ಷಕ್ಕೂ ಪೆಟ್ಟು ಬಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಆ ನಲವತ್ತರಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದನ್ನು ನೋಡೋಣ. ಅಧಿಕೃತ ಟೂರ್ನಿಯಲ್ಲಿ ಇಬ್ಬರೂ ಅಂಕಣಕ್ಕೆ ಇಳಿದು ಆಟ ಶುರುವಾಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ನಡುವೆ ಒಬ್ಬರು ಗಾಯದಿಂದ ಹಿಂದೆ ಸರಿದರೂ ಅದು ಸೋಲೇ. ಆಟ ಶುರುವಾಗುವ ಮೊದಲೇ ಒಬ್ಬರು ಬರಲಾರೆ ಎಂದರೆ ಅದು ವಾಕ್‌ಓವರ್, ಲೆಕ್ಕಕ್ಕಿಲ್ಲ. 2019ರಲ್ಲಿ ಇಂಡಿಯನ್ ವೆಲ್ಸ್ ಸೆಮಿಫೈನಲ್‌ಗೆ ಮುನ್ನ ನಡಾಲ್ ಮೊಣಕಾಲು ನೋವಿನಿಂದ ಹಿಂದೆ ಸರಿದರು. ಫೆಡರರ್ ಫೈನಲ್‌ಗೆ ಹೋದರು, ಅವರ 16 ಮಾತ್ರ 17 ಆಗಲಿಲ್ಲ. ಪ್ರದರ್ಶನ ಪಂದ್ಯಗಳೂ ಲೆಕ್ಕದ ಹೊರಗೆ.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಮ್ಮ ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಕುಳಿತು ಪೈಲ್ವಾನರ ಮೈಕಟ್ಟು ನೋಡಿ, ಸರಿಸಮಾನರನ್ನು ಆರಿಸಿ ಜೋಡಿ ಮಾಡುತ್ತಾರೆ. ಟೆನಿಸ್‌ನಲ್ಲಿ ಜೋಡಿ ಮಾಡುವವರು ಯಾರೂ ಇಲ್ಲ. ಇಬ್ಬರೂ ಒಂದೇ ಟೂರ್ನಿಗೆ ಬರಬೇಕು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೋಲಿಸಬೇಕು, ಆಮೇಲೆ ಒಬ್ಬರಿಗೊಬ್ಬರು ಸಿಗಬೇಕು. ಎಲ್ಲಿ ಸಿಕ್ಕರು, ಎಲ್ಲಿ ಸಿಗಲಿಲ್ಲ ಎಂಬುದೇ ಕೊನೆಯ ಮೊತ್ತವನ್ನು ಬಹುಪಾಲು ನಿರ್ಧರಿಸುತ್ತದೆ. ಸರ್ ಅವರ ಮಾತು: ‘ಫೈನಲ್‌ನಲ್ಲಿ ಸೋಲಬೇಕಾದರೂ ಮೊದಲು ಫೈನಲ್‌ಗೆ ಬರಬೇಕು.’ ಇಡೀ ವಾದದ ಗಂಟು ಇರುವುದು ಇಲ್ಲೇ.

ಈ ಗಂಟು ಬಿಚ್ಚಲು ನೆಲದ ವಿಚಾರ ತಿಳಿದಿರಬೇಕು. ಧಾರವಾಡ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ನವಲಗುಂದ, ಅಣ್ಣಿಗೇರಿ, ಗದಗದ ಕಡೆ ಕಪ್ಪು ಮಣ್ಣಿನ ಎರೆ ಹೊಲ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಹೋದಂತೆ ಕೆಂಪು ಮಸಾರಿ. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಹತ್ತಿ ಬೆಳೆದವನನ್ನೂ ಮಸಾರಿಯಲ್ಲಿ ಬೆಳೆ ತೆಗೆದವನನ್ನೂ ನಿಲ್ಲಿಸಿ, ಬರೀ ಚೀಲದ ಲೆಕ್ಕ ಹಿಡಿದು ‘ಇವನೇ ಒಳ್ಳೆಯ ಒಕ್ಕಲಿಗ’ ಎಂದು ಯಾವ ರೈತನೂ ಹೇಳುವುದಿಲ್ಲ. ಯಾವ ಹೊಲ ಎಂದು ಮೊದಲು ಕೇಳುತ್ತಾನೆ. ಟೆನಿಸ್‌ಗೆ ಮೂರು ಹೊಲ: ಕ್ಲೇ, ಹುಲ್ಲು, ಹಾರ್ಡ್ ಕೋರ್ಟ್.

ಪ್ಯಾರಿಸ್‌ನ ಫ್ರೆಂಚ್ ಓಪನ್ ಅಂಕಣದ ಕೆಂಪು ನಮ್ಮ ಮಸಾರಿಯ ಕೆಂಪಲ್ಲ. ಅದು ಇಟ್ಟಿಗೆಯ ಪುಡಿ, ಮೇಲೆ ಬರೀ ಒಂದೆರಡು ಮಿಲಿಮೀಟರ್ ದಪ್ಪ. ಅದರ ಕೆಳಗೆ ಅರೆದ ಬಿಳಿ ಸುಣ್ಣಕಲ್ಲು ಇದೆ. ಈ ಪುಡಿ ಚೆಂಡನ್ನು ಹಿಡಿಯುತ್ತದೆ. ಓಡಿ ಬಂದ ಚೆಂಡಿನ ಮುಂದಿನ ವೇಗ ಕಡಿಮೆಯಾಗಿ, ಅದು ಮೇಲಕ್ಕೆ ಹೆಚ್ಚು ಪುಟಿಯುತ್ತದೆ. ವಿಂಬಲ್ಡನ್‌ನ ಎಂಟು ಮಿಲಿಮೀಟರ್ ಎತ್ತರದ ಹುಲ್ಲಿನ ಮೇಲೆ ಚೆಂಡು ಜಾರುತ್ತದೆ. ತಗ್ಗಿನಲ್ಲಿ, ಬೇಗ ಬರುತ್ತದೆ. ಹಾರ್ಡ್ ಕೋರ್ಟ್ ಇವೆರಡರ ನಡುವಿನದು.

ಈಗ ನಡಾಲ್ ಅವರ ಹೊಡೆತವನ್ನು ಈ ನೆಲದ ಮೇಲೆ ಇಟ್ಟು ನೋಡಬೇಕು. ಬರೆಯುವುದು ಬಲಗೈಯಲ್ಲಿ, ಆಡುವುದು ಎಡಗೈಯಲ್ಲಿ. ರಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಚೆಂಡಿನ ಬೆನ್ನನ್ನು ಸವರಿದಂತೆ ಎಳೆದು, ತಲೆಯ ಮೇಲೆ ಸುತ್ತಿಸಿ ಮುಗಿಸುತ್ತಿದ್ದರು. ಚೆಂಡು ಮುಂದಕ್ಕೆ ಉರುಳುವಂತೆ ಗಿರಕಿ ಹೊಡೆಯುತ್ತ ಹೋಗುತ್ತಿತ್ತು, ನಿಮಿಷಕ್ಕೆ ಸರಾಸರಿ ಮೂರು ಸಾವಿರ ಸುತ್ತಿಗೂ ಹೆಚ್ಚು. ಇದೇ ಟಾಪ್‌ಸ್ಪಿನ್. ಹೀಗೆ ತಿರುಗುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಅದನ್ನು ನೆಟ್‌ನ ಮೇಲೆ ಎಷ್ಟು ಎತ್ತರದಲ್ಲಿ ಹೊಡೆದರೂ ಗೆರೆಯ ಒಳಗೇ ಧುಮುಕುತ್ತದೆ, ಧುಮುಕಿದ ರಭಸಕ್ಕೆ ಮತ್ತೆ ಎತ್ತರಕ್ಕೆ ಏಳುತ್ತದೆ. ಕ್ಲೇ ಅಂಕಣ ಆ ಏರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ರಾಕೆಟ್ ಹಿಡಿದ ಕೈಯ ಬದಿಯ ಹೊಡೆತ ಫೋರ್‌ಹ್ಯಾಂಡ್, ಅದರ ಎದುರು ಬದಿಯದು ಬ್ಯಾಕ್‌ಹ್ಯಾಂಡ್. ಎಡಗೈಯವರು ಅಡ್ಡಲಾಗಿ ಹೊಡೆದ ಫೋರ್‌ಹ್ಯಾಂಡ್ ಬಲಗೈಯವರ ಬ್ಯಾಕ್‌ಹ್ಯಾಂಡ್‌ಗೆ ನೇರವಾಗಿ ಹೋಗುತ್ತದೆ. ಫೆಡರರ್ ಅವರದು ಒಂದೇ ಕೈಯ ಬ್ಯಾಕ್‌ಹ್ಯಾಂಡ್. ಸೊಂಟದ ಎತ್ತರಕ್ಕೆ ಬಂದ ಚೆಂಡಿಗೆ ಅದರಷ್ಟು ಚೆಂದದ ಹೊಡೆತ ಇನ್ನೊಂದಿಲ್ಲ, ಭುಜದ ಎತ್ತರಕ್ಕೆ ಬಂದ ಚೆಂಡಿಗೆ ಅದರಷ್ಟು ದುರ್ಬಲ ಹೊಡೆತವೂ ಇನ್ನೊಂದಿಲ್ಲ. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಅಟ್ಟದ ಮೇಲೆ ಇಡಲು ಹೋದವರಿಗೆ ಈ ಕಷ್ಟ ಗೊತ್ತಿರುತ್ತದೆ. ಎರಡು ಕೈ ಬಳಸುವವರು ಹೇಗೋ ಮಾಡುತ್ತಾರೆ, ಒಂದು ಕೈಯವರು ಹಿಂದಕ್ಕೆ ಸರಿಯುತ್ತಾರೆ. ನಡಾಲ್ ಇದನ್ನು ಮೊದಲ ಭೇಟಿಯಲ್ಲೇ ಕಂಡುಕೊಂಡಿದ್ದರು. 2004ರಲ್ಲಿ ಮಯಾಮಿಯಲ್ಲಿ, ಹಾರ್ಡ್ ಕೋರ್ಟ್‌ನಲ್ಲಿ, ಹದಿನೇಳು ವರ್ಷದ ಹುಡುಗ ಆಗಿನ ವಿಶ್ವದ ಮೊದಲ ಸ್ಥಾನದವರನ್ನು 6–3, 6–3ರಿಂದ ಸೋಲಿಸಿದ್ದ.

ಇಷ್ಟು ತಿಳಿದ ಮೇಲೆ 24–16 ಅನ್ನು ಹೊಲದ ಪ್ರಕಾರ ಬಿಡಿಸೋಣ. ಕ್ಲೇ ಮೇಲೆ ಹದಿನಾರು ಪಂದ್ಯ: ನಡಾಲ್ 14, ಫೆಡರರ್ 2 (2007ರ ಹ್ಯಾಂಬರ್ಗ್, 2009ರ ಮ್ಯಾಡ್ರಿಡ್). ಹುಲ್ಲಿನ ಮೇಲೆ ನಾಲ್ಕು: ಫೆಡರರ್ 3, ನಡಾಲ್ 1. ಹಾರ್ಡ್ ಕೋರ್ಟ್‌ನಲ್ಲಿ ಇಪ್ಪತ್ತು: ಫೆಡರರ್ 11, ನಡಾಲ್ 9. ಕ್ಲೇ ತೆಗೆದುಬಿಟ್ಟರೆ ಉಳಿದದ್ದು ಫೆಡರರ್ ಪರವಾಗಿ 14–10.

ಮೊದಲ ಸಲ ಸರ್ ಇದನ್ನು ಪೇಪರ್ ಮೇಲೆ ಬರೆದು ತೋರಿಸಿದಾಗ ಹುಡುಗಿ ಚಹಾ ಕಪ್ಪನ್ನು ಕೆಳಗಿಟ್ಟಳು. ‘ಸರ್, ಕ್ಲೇ ಏಕೆ ತೆಗೆಯಬೇಕು? ಅದೇನು ಟೆನಿಸ್ ಅಲ್ಲವೇ?’ ಎಂದಳು. ನ್ಯಾಯವಾದ ಪ್ರಶ್ನೆಯೇ. ತೆಗೆಯಬಾರದು. ಆದರೆ ಎಷ್ಟು ಪಾಲು ಎಂದು ಕೇಳಬಹುದಲ್ಲ? ದೊಡ್ಡ ಕ್ಲೇ ಟೂರ್ನಿಗಳು ನಡೆಯುವುದು ವರ್ಷದಲ್ಲಿ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಎರಡು ತಿಂಗಳ ಮೇಲೆ ಸ್ವಲ್ಪ. ಹೀಗಿದ್ದೂ 2008ರ ವಿಂಬಲ್ಡನ್‌ವರೆಗಿನ ಇವರ ಮೊದಲ ಹದಿನೆಂಟು ಪಂದ್ಯಗಳಲ್ಲಿ ಹತ್ತು ಕ್ಲೇ ಮೇಲೆಯೇ ನಡೆದಿವೆ. ಏಕೆ?

ಏಕೆಂದರೆ ಫೆಡರರ್ ಕ್ಲೇ ಮೇಲೆ ಕೆಟ್ಟ ಆಟಗಾರರಾಗಿರಲಿಲ್ಲ. ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಲೆಕ್ಕ ಇದನ್ನೇ ಹೇಳುತ್ತದೆ. ಫ್ರೆಂಚ್ ಓಪನ್‌ನಲ್ಲಿ 2005ರ ಸೆಮಿಫೈನಲ್, 2006, 2007, 2008 ಮತ್ತು 2011ರ ಫೈನಲ್‌ಗಳಲ್ಲಿ ಅವರನ್ನು ಸೋಲಿಸಿದ್ದು ನಡಾಲ್ ಒಬ್ಬರೇ. ಅವರು ಮೂರನೆಯ ಸುತ್ತಿನಲ್ಲೇ ಇನ್ಯಾರಿಗೋ ಸೋತು ಮನೆಗೆ ಹೋಗಿದ್ದರೆ ನಡಾಲ್ ಲೆಕ್ಕದಲ್ಲಿ ಅಷ್ಟು ಗೆಲುವು ಸೇರುತ್ತಲೇ ಇರಲಿಲ್ಲ. 2009ರಲ್ಲಿ ನಡಾಲ್ ನಾಲ್ಕನೆಯ ಸುತ್ತಿನಲ್ಲಿ ಸೋಡರ್ಲಿಂಗ್‌ಗೆ ಸೋತರು. ಆ ವರ್ಷ ಪ್ಯಾರಿಸ್ ಕಪ್ ಎತ್ತಿದ್ದು ಫೆಡರರ್. ಅದು ಈ ನಲವತ್ತರ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಇದರ ಇನ್ನೊಂದು ಮುಖ ನ್ಯೂಯಾರ್ಕ್. ಅಮೆರಿಕನ್ ಓಪನ್‌ನಲ್ಲಿ ಇವರಿಬ್ಬರೂ ಒಮ್ಮೆಯೂ ಎದುರಾಗಲಿಲ್ಲ. ಇಪ್ಪತ್ತು ವರ್ಷದ ಆಟದಲ್ಲಿ ಒಮ್ಮೆಯೂ! 2004ರಿಂದ 2008ರವರೆಗೆ ಸತತ ಐದು ಸಲ ಅಲ್ಲಿ ಗೆದ್ದವರು ಫೆಡರರ್. ಆ ವರ್ಷಗಳಲ್ಲಿ ಅವರ ಎದುರು ಸೋಲಲು ನಡಾಲ್ ಅಲ್ಲಿಯವರೆಗೆ ಬಂದಿರಲೇ ಇಲ್ಲ. 2008ಕ್ಕೆ ಮೊದಲು ಅಲ್ಲಿ ಸೆಮಿಫೈನಲ್ ಕಂಡಿರಲಿಲ್ಲ. ಮುಂದಿನದು ಇನ್ನೂ ಸೋಜಿಗ. 2008 ಮತ್ತು 2009ರಲ್ಲಿ ಫೆಡರರ್ ಫೈನಲ್‌ನಲ್ಲಿ ಕಾದರು, ನಡಾಲ್ ಸೆಮಿಫೈನಲ್‌ನಲ್ಲಿ ಸೋತರು. 2010 ಮತ್ತು 2011ರಲ್ಲಿ ನಡಾಲ್ ಫೈನಲ್‌ಗೆ ಬಂದರು, ಫೆಡರರ್ ಸೆಮಿಫೈನಲ್‌ನಲ್ಲಿ ಜೊಕೊವಿಚ್ ವಿರುದ್ಧ ಎರಡೂ ವರ್ಷ ತಲಾ ಎರಡು ಮ್ಯಾಚ್ ಪಾಯಿಂಟ್ (ಒಂದು ಪಾಯಿಂಟ್ ಗೆದ್ದರೆ ಪಂದ್ಯವೇ ಮುಗಿಯುವ ಅವಕಾಶ) ಕೈಯಲ್ಲಿಟ್ಟುಕೊಂಡು ಸೋತರು. ನಾಲ್ಕು ವರ್ಷ ಸತತವಾಗಿ, ಒಂದೇ ಪಂದ್ಯದ ಅಂತರದಲ್ಲಿ ಭೇಟಿ ತಪ್ಪಿತು. ನಮ್ಮ ಮನೆಯಲ್ಲಿ 2011ರ ಆ ಸೋಲಿನ ಮಾತು ಎತ್ತುವಂತಿಲ್ಲ. ಎತ್ತಿದರೆ ನಾನು ಎದ್ದು ಹೋಗುತ್ತೇನೆ.

ಇಲ್ಲಿಯವರೆಗಿನದು ಸರ್ ಪಕ್ಷದ ವಾದ. ಇನ್ನು ವಯಸ್ಸಿನ ಮಾತು.

2014ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್ ಮುಗಿದಾಗ ಲೆಕ್ಕ 23–10 ಇತ್ತು. ಫೆಡರರ್‌ಗೆ ಆಗ 32. ಎಲ್ಲರ ಎಣಿಕೆಯಂತೆ ಅಲ್ಲಿಂದ ಮುಂದೆ ಅಂತರ ಇನ್ನೂ ಬೆಳೆಯಬೇಕಿತ್ತು. ಆದರೆ ಅದಾದ ಮೇಲೆ ಇಬ್ಬರೂ ಆಡಿದ ಏಳು ಪಂದ್ಯಗಳಲ್ಲಿ ಆರನ್ನು ಫೆಡರರ್ ಗೆದ್ದರು: 2015ರಲ್ಲಿ ಬಾಸೆಲ್, 2017ರಲ್ಲಿ ಆಸ್ಟ್ರೇಲಿಯನ್ ಓಪನ್, ಇಂಡಿಯನ್ ವೆಲ್ಸ್, ಮಯಾಮಿ, ಶಾಂಘೈ, 2019ರಲ್ಲಿ ವಿಂಬಲ್ಡನ್. ಎಲ್ಲವೂ 34 ದಾಟಿದ ಮೇಲೆ. ಐದು ವರ್ಷ ಚಿಕ್ಕವರಾದ ನಡಾಲ್ ಗೆದ್ದದ್ದು ಒಂದು, 2019ರ ಫ್ರೆಂಚ್ ಓಪನ್ ಸೆಮಿಫೈನಲ್.

ನಾನು ಇದನ್ನು ವಿಜಯದ ದನಿಯಲ್ಲೇ ಚಹಾದಂಗಡಿಯಲ್ಲಿ ಓದಿದೆ. ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ‘ಆ ಏಳರಲ್ಲಿ ಕ್ಲೇ ಎಷ್ಟು?’ ಒಂದು. ಬರೀ ಒಂದು. ಫೆಡರರ್ 2016ರ ಫ್ರೆಂಚ್ ಓಪನ್ ಆಡಲಿಲ್ಲ. 2017 ಮತ್ತು 2018ರಲ್ಲಿ ಮೊಣಕಾಲು, ಮೈ ಉಳಿಸಿಕೊಳ್ಳಲು ಕ್ಲೇ ಟೂರ್ನಿಗಳನ್ನೇ ಪೂರ್ತಿ ಬಿಟ್ಟರು. ‘ಹೊಲಕ್ಕೇ ಇಳಿಯದವರಿಗೆ ಬೆಳೆ ನಷ್ಟ ಎಲ್ಲಿಂದ ಬರಬೇಕು?’ ಎಂದಳು ಅವಳು. ನಮ್ಮ ಅಸ್ತ್ರವನ್ನೇ ನಮ್ಮ ಮೇಲೆ ತಿರುಗಿಸಿದ್ದಳು. ಮೊದಲ ಹದಿನೆಂಟರಲ್ಲಿ ಹತ್ತು ಕ್ಲೇ ಎಂಬುದು ನಡಾಲ್ ಅವರ ಮೊತ್ತವನ್ನು ಉಬ್ಬಿಸಿದ್ದರೆ, ಕೊನೆಯ ಏಳರಲ್ಲಿ ಒಂದೇ ಕ್ಲೇ ಎಂಬುದು ಫೆಡರರ್ ಅವರ ಮೊತ್ತವನ್ನು ಉಬ್ಬಿಸಿದೆ. ಸರ್ ಕೂಡ ತಲೆಯಾಡಿಸಿದರು.

ಹಾಗಾದರೆ ಮುದಿ ವಯಸ್ಸಿನಲ್ಲಿ ನಿಜಕ್ಕೂ ಏನಾದರೂ ಬದಲಾಯಿತೇ? ಅದನ್ನು ತಿಳಿಯಬೇಕಾದರೆ ಒಂದೇ ಹೊಲದ ಎರಡು ಕಾಲದ ಬೆಳೆಯನ್ನು ಹೋಲಿಸಬೇಕು. ಹಾರ್ಡ್ ಕೋರ್ಟ್ ತೆಗೆದುಕೊಳ್ಳಿ. 2014ರ ಆರಂಭದವರೆಗೆ ಅಲ್ಲಿ ನಡಾಲ್ 9, ಫೆಡರರ್ 6. ಅಲ್ಲಿಂದ ಮುಂದೆ ಫೆಡರರ್ 5, ನಡಾಲ್ ಸೊನ್ನೆ. ಇದು ಹೊಲ ಬದಲಾದ ಕಥೆಯಲ್ಲ, ಒಕ್ಕಲುತನ ಬದಲಾದ ಕಥೆ.

ಬದಲಾದದ್ದು ಆ ಒಂದು ಕೈಯ ಬ್ಯಾಕ್‌ಹ್ಯಾಂಡ್. ಫೆಡರರ್ ಬಹುಕಾಲ 90 ಚದರ ಅಂಗುಲದ ಸಣ್ಣ ರಾಕೆಟ್ ಹಿಡಿದು ಆಡಿದವರು. 2014ರ ಹೊತ್ತಿಗೆ 97 ಚದರ ಅಂಗುಲದ್ದಕ್ಕೆ ಬಂದರು. ಏಳು ಚದರ ಅಂಗುಲ ಹೆಚ್ಚಾದದ್ದು ಅಲ್ಪ ಅನ್ನಿಸಬಹುದು. ಆದರೆ ಗಿರಕಿ ಹೊಡೆದು ಏರುತ್ತಿರುವ ಚೆಂಡು ನಡುಮಧ್ಯಕ್ಕೆ ತಾಗದೆ ಅಂಚಿಗೆ ತಾಗಿದಾಗ, ಅದು ಹಳ್ಳಕ್ಕೆ ಹೋಗುತ್ತದೋ ಗೆರೆಯ ಒಳಗೆ ಬೀಳುತ್ತದೋ ಎಂಬುದನ್ನು ಇದೇ ಅಗಲ ನಿರ್ಧರಿಸುತ್ತದೆ. ದೊಡ್ಡ ರಾಕೆಟ್ ಕೊಟ್ಟ ಧೈರ್ಯದಿಂದ ಅವರು ಹಿಂದೆ ಸರಿಯುವುದನ್ನು ಬಿಟ್ಟರು. ಚೆಂಡು ಭುಜಕ್ಕೆ ಏರುವವರೆಗೆ ಕಾಯದೆ, ಗೆರೆಯ ಹತ್ತಿರವೇ ನಿಂತು, ಪುಟಿದು ಮೇಲೇಳುವಾಗಲೇ ಚಪ್ಪಟೆಯಾಗಿ ಹೊಡೆದರು. ನಡಾಲ್‌ಗೆ ಇನ್ನೊಂದು ಹೆಜ್ಜೆ ಇಡುವಷ್ಟು ಪುರುಸೊತ್ತೂ ಉಳಿಯಲಿಲ್ಲ.

ವಯಸ್ಸಾದ ಆಟಗಾರನಿಗೆ ಮೊದಲು ಕೈಕೊಡುವುದು ಹೊಡೆತವಲ್ಲ, ಮರುದಿನ. ನಾಲ್ಕು ತಾಸು ಆಡಬಲ್ಲ, ಆದರೆ ಎರಡು ದಿನ ಬಿಟ್ಟು ಇನ್ನೊಂದು ನಾಲ್ಕು ತಾಸು ಆಡಲು ಮೈ ಕೇಳುವುದಿಲ್ಲ. ಹೀಗಾಗಿ ಪ್ರತಿ ಪಾಯಿಂಟನ್ನೂ ಚಿಕ್ಕದು ಮಾಡಬೇಕಾಗುತ್ತದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಅಹೋರಾತ್ರಿ ಸಂಗೀತಕ್ಕೆ ಹೋದವರು ಇದನ್ನು ಬೇರೆ ರೂಪದಲ್ಲಿ ಕಂಡಿರುತ್ತಾರೆ. ಹರೆಯದ ಗವಾಯಿ ಒಂದೇ ಉಸಿರಿಗೆ ಉದ್ದನೆಯ ತಾನ್ ಎಳೆದು ಚಪ್ಪಾಳೆ ಗಿಟ್ಟಿಸುತ್ತಾನೆ. ಹಿರಿಯ ಗವಾಯಿ ತಾನ್ ಕತ್ತರಿಸಿ, ಉಸಿರು ಉಳಿಸಿಕೊಂಡು, ಸ್ವರವನ್ನು ಮಾತ್ರ ಅದರ ಜಾಗದಲ್ಲೇ ತಂದಿಡುತ್ತಾನೆ.

2017ರ ಜನವರಿ 29ರ ಮೆಲ್ಬರ್ನ್ ಫೈನಲ್, ಅಂದರೆ ಆಸ್ಟ್ರೇಲಿಯನ್ ಓಪನ್ ಫೈನಲ್, ಈ ಎಲ್ಲವೂ ಕೂಡಿದ ದಿನ. ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆ. ಊಟ ಮುಗಿಸಿ ನಿದ್ದೆ ಮಾಡುವ ಹೊತ್ತು. ಆದರೆ ಆ ಫೈನಲ್‌ಗೆ ಮೊದಲು ಇನ್ನೊಂದು ಗಂಟು ಬಿಚ್ಚಬೇಕು: ಇಬ್ಬರು ಮುದಿ ಹುಲಿಗಳು ಫೈನಲ್‌ನಲ್ಲೇ ಸಿಕ್ಕದ್ದು ಹೇಗೆ?

ಟೆನಿಸ್ ರ‍್ಯಾಂಕಿಂಗ್ 52 ವಾರಗಳ ಖಾತೆ. ಈ ವಾರ ಗಳಿಸಿದ ಅಂಕ ಮುಂದಿನ ವರ್ಷ ಇದೇ ಹೊತ್ತಿಗೆ ಉದುರುತ್ತದೆ. ಅದೇ ಟೂರ್ನಿಯಲ್ಲೋ ಬೇರೆಡೆಯೋ ಮತ್ತೆ ಅಷ್ಟು ಅಂಕ ಗಳಿಸಿದರೆ ಮಾತ್ರ ಖಾತೆ ತುಂಬಿರುತ್ತದೆ. ಗ್ರ್ಯಾನ್‌ಸ್ಲಾಂ, ಅಂದರೆ ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಅಮೆರಿಕನ್ ಈ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದನ್ನು ಗೆದ್ದವರಿಗೆ 2000 ಅಂಕ. 2023ರ ಅಕ್ಟೋಬರ್‌ನಲ್ಲಿ ನಮ್ಮ ಧಾರವಾಡದಲ್ಲೇ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ 25 ಸಾವಿರ ಡಾಲರ್ ಬಹುಮಾನದ ಪುರುಷರ ಟೂರ್ನಿ ನಡೆಯಿತಲ್ಲ, ಆ ದರ್ಜೆಯ ಟೂರ್ನಿ ಗೆದ್ದವರಿಗೆ 25 ಅಂಕ. ಧಾರವಾಡದಂಥ ಎಂಬತ್ತು ಟೂರ್ನಿ ಗೆದ್ದರೆ ಒಂದು ವಿಂಬಲ್ಡನ್‌ಗೆ ಸಮ. ಹೀಗಾಗಿ ಆರು ತಿಂಗಳು ಮನೆಯಲ್ಲಿ ಕುಳಿತ ಆಟಗಾರನ ಖಾತೆ ಬೇಗ ಬರಿದಾಗುತ್ತದೆ. ಫೆಡರರ್ 2016ರ ಆರಂಭದಲ್ಲಿ ತಮ್ಮ ಹೆಣ್ಣುಮಕ್ಕಳಿಗೆ ಸ್ನಾನದ ನೀರು ಬಿಡುವಾಗ ಮೊಣಕಾಲು ಕೆಡಿಸಿಕೊಂಡು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು; ಆ ವರ್ಷದ ವಿಂಬಲ್ಡನ್ ಆದಮೇಲೆ ಆಡಲೇ ಇಲ್ಲ. ನಡಾಲ್ ಕೂಡ ಆ ವರ್ಷ ಮಣಿಕಟ್ಟಿನ ನೋವಿನಲ್ಲಿದ್ದರು. ಮೆಲ್ಬರ್ನ್‌ಗೆ ಬಂದಾಗ ನಡಾಲ್ ಒಂಬತ್ತನೆಯ ಶ್ರೇಯಾಂಕ, ಫೆಡರರ್ ಹದಿನೇಳನೆಯ ಶ್ರೇಯಾಂಕ. ಶ್ರೇಯಾಂಕ ಎಂದರೆ ರ‍್ಯಾಂಕಿಂಗ್ ನೋಡಿ ಆ ಟೂರ್ನಿಯ ಮಟ್ಟಿಗೆ ಕೊಡುವ ಸ್ಥಾನ.

ಗ್ರ್ಯಾನ್‌ಸ್ಲಾಂ ಡ್ರಾದಲ್ಲಿ (ಯಾರಿಗೆ ಯಾರು ಎದುರು ಎಂದು ಚೀಟಿ ಎತ್ತಿ ಮಾಡಿದ ಪಟ್ಟಿಯಲ್ಲಿ) 128 ಆಟಗಾರರಿರುತ್ತಾರೆ, ಅದರಲ್ಲಿ 32 ಜನರಿಗೆ ಶ್ರೇಯಾಂಕ. ಒಂದು ಮತ್ತು ಎರಡನೆಯವರನ್ನು ಎರಡು ತುದಿಗೆ ಇಡುತ್ತಾರೆ, ಫೈನಲ್‌ಗೆ ಮೊದಲು ಅವರು ಎದುರಾಗುವಂತಿಲ್ಲ. 2006ರಿಂದ 2008ರವರೆಗೆ ಫೆಡರರ್ ಒಂದು, ನಡಾಲ್ ಎರಡು ಆಗಿದ್ದುದರಿಂದಲೇ ಪ್ಯಾರಿಸ್ ಮತ್ತು ವಿಂಬಲ್ಡನ್ ಫೈನಲ್‌ಗಳು ಮತ್ತೆ ಮತ್ತೆ ಇವರಿಬ್ಬರ ನಡುವೆ ಆದವು. ಶ್ರೇಯಾಂಕ ಕೆಳಗಿಳಿದಂತೆ ಈ ರಕ್ಷಣೆ ಹೋಗುತ್ತದೆ. 9ರಿಂದ 16ರವರೆಗಿನವರನ್ನು ಮೂರನೆಯ ಸುತ್ತಿನಲ್ಲಿ 17ರಿಂದ 24ರವರೆಗಿನವರ ಎದುರಿಗೆ ಬರುವಂತೆ ಚೀಟಿ ಎತ್ತುತ್ತಾರೆ. ಅಂದರೆ ಒಂಬತ್ತು ಮತ್ತು ಹದಿನೇಳು ಮೂರನೆಯ ಸುತ್ತಿನಲ್ಲೇ, ಮೊದಲ ವಾರವೇ ಎದುರಾಗಬಹುದಿತ್ತು. ಚೀಟಿ ಬೇರೆ ಬಂತು. ಮೂರನೆಯ ಸುತ್ತಿನಲ್ಲಿ ಫೆಡರರ್ ಎದುರಿಗೆ ಬಂದದ್ದು ಹತ್ತನೆಯ ಶ್ರೇಯಾಂಕದ ಬರ್ಡಿಚ್. ಅಷ್ಟು ಸಣ್ಣ ಚೀಟಿಯ ಮೇಲೆ ಆ ಫೈನಲ್ ನಿಂತಿತ್ತು.

ಫೈನಲ್ ಐದು ಸೆಟ್ ಹೋಯಿತು. 6–4, 3–6, 6–1, 3–6, ಕೊನೆಯ ಸೆಟ್‌ನಲ್ಲಿ ನಡಾಲ್ 3–1 ಮುಂದೆ. ಇಂಥ ಸ್ಥಿತಿಯಲ್ಲಿ ಮುಂದೇನಾಗುತ್ತದೆ ಎಂಬುದನ್ನು ಹತ್ತು ವರ್ಷ ನೋಡಿ ಬಾಯಿಪಾಠ ಮಾಡಿಕೊಂಡಿದ್ದ ನಾನು ಟಿ.ವಿ. ಮುಂದಿನಿಂದ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಅಲ್ಲಿಂದ ಫೆಡರರ್ ಸತತ ಐದು ಗೇಮ್ ಗೆದ್ದು 6–3ಕ್ಕೆ ಮುಗಿಸಿದರು. ಅವುಗಳಲ್ಲಿ ಮೊದಲ ಎರಡು ಗೇಮ್ ನಾನು ನೋಡಿಲ್ಲ. ನ್ಯಾಯಕ್ಕಾಗಿ ಇದನ್ನೂ ಸೇರಿಸಬೇಕು: ಫೆಡರರ್ ಸೆಮಿಫೈನಲ್ ಗುರುವಾರ ಮುಗಿದಿತ್ತು, ನಡಾಲ್ ಸೆಮಿಫೈನಲ್ ನಡೆದದ್ದು ಶುಕ್ರವಾರ, ಡಿಮಿಟ್ರೊವ್ ವಿರುದ್ಧ, 4 ಗಂಟೆ 56 ನಿಮಿಷ. ಆ ಒಂದು ದಿನದ ವಿಶ್ರಾಂತಿಯನ್ನು ಹುಡುಗಿ ಇಂದಿಗೂ ಮರೆತಿಲ್ಲ.

2008ರ ವಿಂಬಲ್ಡನ್ ಫೈನಲ್ ಮಾತ್ರ ನಮ್ಮ ಅಂಗಡಿಯಲ್ಲಿ ಯಾರೂ ಲೆಕ್ಕಕ್ಕೆ ಎಳೆಯುವುದಿಲ್ಲ. ಹೊರಗೆ ಧಾರವಾಡದ ಜುಲೈ, ಟಿ.ವಿ.ಯೊಳಗೆ ಲಂಡನ್ನಿನ ಜುಲೈ, ಎರಡೂ ಕಡೆ ಮಳೆ. 4 ಗಂಟೆ 48 ನಿಮಿಷದ ಆಟ. ಐದನೆಯ ಸೆಟ್ 9–7ಕ್ಕೆ ನಡಾಲ್ ಪಾಲಾದಾಗ ಅಲ್ಲಿ ಕತ್ತಲಾಗುತ್ತಿತ್ತು, ನಮ್ಮ ಗಡಿಯಾರದಲ್ಲಿ ರಾತ್ರಿ ಒಂದೂಮುಕ್ಕಾಲು. ಅಂದು ನಡಾಲ್ ತಮ್ಮದಲ್ಲದ ಹೊಲದಲ್ಲಿ ಬಿತ್ತಿ, ಬೆಳೆ ಕೊಯ್ದುಕೊಂಡು ಹೋದರು. ಸರ್ ಕೂಡ ‘ಅದು ಅವನ ಪಂದ್ಯ’ ಎನ್ನುತ್ತಾರೆ. ಬೇರೆ ದಿನ ನಡಾಲ್ ಅವರನ್ನು ‘ಆ ಹುಡುಗ’ ಎನ್ನುವುದು ಅವರ ರೂಢಿ.

ಕಳೆದ ತಿಂಗಳಿಂದ ಮೂರನೆಯವನೊಬ್ಬ ಬರುತ್ತಿದ್ದಾನೆ, ಕಾಲೇಜು ಹುಡುಗ, ಜೊಕೊವಿಚ್ ಪಕ್ಷ. ಅವನ ಸಂಖ್ಯೆ 31–29: ಜೊಕೊವಿಚ್ ಮತ್ತು ನಡಾಲ್ ಅರವತ್ತು ಸಲ ಆಡಿದ್ದಾರೆ, ಜೊಕೊವಿಚ್ ಎರಡು ಮುಂದೆ. ಕೊನೆಯದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಎರಡನೆಯ ಸುತ್ತು, ನಡಾಲ್ ಹದಿನಾಲ್ಕು ಸಲ ಕಪ್ ಎತ್ತಿದ ಅದೇ ಕ್ಲೇ ಮೇಲೆ, 6–1, 6–4ರಿಂದ ಜೊಕೊವಿಚ್ ಗೆದ್ದರು. ಮೂವತ್ತೆಂಟರ ನಡಾಲ್ ಎದುರು ಮೂವತ್ತೇಳರ ಜೊಕೊವಿಚ್. ಎರಡನೆಯ ಸುತ್ತಿನಲ್ಲೇ ಸಿಕ್ಕದ್ದು ಏಕೆ? ಗಾಯದಿಂದ ದೂರ ಉಳಿದವರಿಗೆ ಸಂರಕ್ಷಿತ ರ‍್ಯಾಂಕಿಂಗ್ ಎಂಬ ಅನುಕೂಲವಿದೆ. ಅದು ಟೂರ್ನಿಯ ಬಾಗಿಲು ತೆರೆಯುತ್ತದೆ, ಶ್ರೇಯಾಂಕದ ಕುರ್ಚಿ ಕೊಡುವುದಿಲ್ಲ. ನಡಾಲ್‌ಗೆ ಶ್ರೇಯಾಂಕ ಇರಲಿಲ್ಲ, ಆದ್ದರಿಂದ ಚೀಟಿ ಎಲ್ಲಿಗೆ ಬೇಕಾದರೂ ಎಸೆಯಬಹುದಿತ್ತು.

ಹುಡುಗ 31–29 ಎಂದು ಮುಗಿಸುವ ಮೊದಲೇ ಸರ್ ಜೇಬಿನಿಂದ ಪೆನ್ನು ತೆಗೆದರು. ಕ್ಲೇ: ನಡಾಲ್ 20, ಜೊಕೊವಿಚ್ 9. ಹಾರ್ಡ್ ಕೋರ್ಟ್: ಜೊಕೊವಿಚ್ 20, ನಡಾಲ್ 7. ಹುಲ್ಲು: 2–2. ‘ಈಗ ಹೇಳು, ಯಾರ ಹೊಲ?’ ಎಂದರು. ಹುಡುಗ ಉತ್ತರಿಸಲಿಲ್ಲ. ಅವನ ಬದಲು ಹುಡುಗಿ ಪೇಪರ್ ತನ್ನ ಕಡೆಗೆ ಎಳೆದುಕೊಂಡು, ಹಾರ್ಡ್ ಕೋರ್ಟ್‌ನ ಆ ಏಳು ಗೆಲುವಿನ ಕೆಳಗೆ ಗೆರೆ ಹಾಕಿ, ಕೊನೆಯದು ಯಾವ ವರ್ಷದ್ದು ಎಂದು ಬರೆದಳು: 2013, ಅಮೆರಿಕನ್ ಓಪನ್ ಫೈನಲ್. ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಆಮೇಲೆ ಇನ್ನೊಂದು ಸುತ್ತು ಚಹಾ ಹೇಳಿದಳು.